ಅಮೆರಿಕದ ‘ಮಾಸ್ ಟಾರ್ಟ್’ ಥರದ ಕೇಸು ನಮ್ಮಲ್ಲಿ ಹಾಕಬಹುದಾ?

ಪ್ರಶ್ನೆ: ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೃತಕ ಸೊಂಟದ ಕೀಲಿನ ಪ್ರಕರಣದಲ್ಲಿ ಅಮೆರಿಕದ ಸಾವಿರಾರು ರೋಗಿಗಳಿಗೆ ಪರಿಹಾರ ಸಿಕ್ಕಿತಲ್ಲ, ಅದು ಎಲ್ಲರೂ ಸೇರಿ ಹಾಕಿದ ಒಂದೇ ಕೇಸಾ? ಇಲ್ಲಿ ಇಂಪ್ಲಾಂಟ್ ಕೈಕೊಟ್ಟರೆ ನಾವೇನು ಮಾಡಬೇಕು?

ಉತ್ತರ (ವಕೀಲರು): ಒಂದೇ ಕೇಸಲ್ಲ ಸರ್. ಕ್ಲಾಸ್ ಆ್ಯಕ್ಷನ್‌ನಲ್ಲಿ ಒಬ್ಬಿಬ್ಬರು ಎಲ್ಲರ ಪರವಾಗಿ ನಿಲ್ಲುತ್ತಾರೆ. ಮಾಸ್ ಟಾರ್ಟ್‌ನಲ್ಲಿ (ಒಂದೇ ಸಾಧನದಿಂದ ತೊಂದರೆಯಾದ ಹಲವರು ಕೇಸು ಹಾಕಿದಾಗ) ಪ್ರತಿಯೊಬ್ಬರದೂ ಬೇರೆಯೇ ಕೇಸು, ಏಕೆಂದರೆ ಒಬ್ಬರಿಗೆ ಬರೀ ನೋವು, ಇನ್ನೊಬ್ಬರಿಗೆ ಎರಡನೇ ಆಪರೇಷನ್. ವಿಚಾರಣೆಗೆ ಮುಂಚಿನ ಕೆಲಸವನ್ನಷ್ಟೇ ಒಬ್ಬ ನ್ಯಾಯಾಧೀಶರ ಮುಂದೆ ತರುತ್ತಾರೆ, ಇದೇ ಎಂಡಿಎಲ್ (ಮಲ್ಟಿಡಿಸ್ಟ್ರಿಕ್ಟ್ ಲಿಟಿಗೇಷನ್). ಎಎಸ್‌ಆರ್‌ದು ಓಹಾಯೋದಲ್ಲಿ ನಡೆಯಿತು. ಕಂಪನಿಯ ಕಡತಗಳನ್ನು ಒಮ್ಮೆ ಹೊರತೆಗೆಸಿದರೆ ಎಲ್ಲರ ಕೇಸಿಗೂ ಆಯಿತು. ಆಮೇಲೆ ನಾಲ್ಕಾರು ಮಾದರಿ ಕೇಸು ನಡೆಸಿ, ಜ್ಯೂರಿ ಏನನ್ನುತ್ತದೆ ನೋಡಿಕೊಂಡು ರಾಜಿಗೆ ಕೂರುವುದು ವಾಡಿಕೆ. 2010ರ ಆಗಸ್ಟ್‌ನಲ್ಲಿ ಕೀಲು ಮಾರುಕಟ್ಟೆಯಿಂದ ವಾಪಸಾಯಿತು, 2013ರ ನವೆಂಬರ್‌ನಲ್ಲಿ ಸುಮಾರು 8,000 ಜನರಿಗೆ ಸುಮಾರು 250 ಕೋಟಿ ಡಾಲರಿನ ರಾಜಿಯಾಯಿತು. ಅದೂ ಸಮಪಾಲಲ್ಲ: ಕೀಲು ತೆಗೆಸಿದವರಿಗೆ ಮಾತ್ರ, ಅದರಲ್ಲೂ ವಯಸ್ಸು, ಸಿಗರೇಟು ಅಂತ ಕಡಿತ.

ನಮ್ಮಲ್ಲಿ ಎಂಡಿಎಲ್ ಇಲ್ಲ. ಎಎಸ್‌ಆರ್ ರೋಗಿಗಳಿಗೆ ಕೇಂದ್ರ ಸರ್ಕಾರವೇ 2018ರಲ್ಲಿ ಪರಿಹಾರದ ಸೂತ್ರ ಮಾಡಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಅಂದಿತು. ಉಳಿದ ಸಾಧನಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ: ತಯಾರಕರ ಹೊಣೆಗೆ 84ನೇ ಕಲಂ, ಹಲವರು ಒಟ್ಟಾಗಿ ದೂರಲು 35(1)(ಸಿ). ಸಾಧನಕ್ಕೋ ಚಿಕಿತ್ಸೆಗೋ ನೀವು ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. ಇದನ್ನು ತಪ್ಪು ತಿಳಿದು ಬೇರೆ ಆಯೋಗಕ್ಕೆ ಹೋಗಿ ಅಲೆಯುವವರಿದ್ದಾರೆ. ದೂರು ಕೊಡಲು ಗಡುವು 2 ವರ್ಷ.

ಉತ್ತರ (ಮೂಳೆ ತಜ್ಞರು): ಕಾನೂನಿಗೆ ಮುಂಚೆ ಇಂಪ್ಲಾಂಟಿನ ಸ್ಟಿಕ್ಕರ್ ಹುಡುಕಿ. ಕೀಲಿನ ಕಪ್ (ಗುಳಿ), ಬಾಲ್ (ಗುಂಡು), ಸ್ಟೆಮ್ (ತೊಡೆಮೂಳೆಯೊಳಗಿನ ಕಡ್ಡಿ) ಪ್ರತಿಯೊಂದಕ್ಕೂ ಬೇರೆ ಸ್ಟಿಕ್ಕರ್, ಅದರಲ್ಲಿ ರೆಫ್ (ಮಾದರಿ) ಮತ್ತು ಲಾಟ್ (ತಯಾರಿಕೆಯ ಕಂತು) ನಂಬರ್. ಆಪರೇಷನ್ ಟಿಪ್ಪಣಿಗೆ ಅಂಟಿಸಿರುತ್ತಾರೆ, ಡಿಸ್ಚಾರ್ಜ್ ಸಮರಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಬಿಲ್ಲಿನಲ್ಲಿ ಕಂಪನಿ ಹೆಸರಿದ್ದರೆ ಸಾಲದು, ಒಂದೇ ಕಂಪನಿಗೆ ಹತ್ತು ಮಾದರಿ. ಎಎಸ್‌ಆರ್‌ನಲ್ಲಿ ಕಪ್ಪೂ ಬಾಲೂ ಎರಡೂ ಕೋಬಾಲ್ಟ್-ಕ್ರೋಮಿಯಂ. ಕಪ್ ಆಳವಿಲ್ಲದ್ದು, ಅಂಚಿಗೆ ತಿಕ್ಕಿ ಲೋಹದ ಪುಡಿ ಸುತ್ತಲ ಮಾಂಸಕ್ಕೆ ಸೇರಿತು. ಅಂಥ ಕೀಲಿದ್ದರೆ ರಕ್ತದ ಕೋಬಾಲ್ಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 7 ಮೈಕ್ರೋಗ್ರಾಂ ಮೀರಿದರೆ ಮುಂದಿನ ತಪಾಸಣೆ ಬೇಕು. ಟ್ರೇಸ್ ಎಲಿಮೆಂಟ್ ಟ್ಯೂಬಿನಲ್ಲೇ ರಕ್ತ ತೆಗೆಯಲಿ, ಮಾಮೂಲಿ ಟ್ಯೂಬಿನ ಲೋಹದ ಅಂಶವೇ ಅಂಕಿ ಕೆಡಿಸಬಹುದು. ಕೀಲು ತೆಗೆಯುವುದಾದರೆ ಹಿಂದಿನ ದಿನವೇ ‘ಬಿಸಾಡಬೇಡಿ, ನಮಗೇ ಕೊಡಿ’ ಎಂದು ಬರೆದುಕೊಡಿ. ಅದು ಕಂಪನಿ ಪ್ರತಿನಿಧಿಯ ಕೈ ಸೇರಿದರೆ ನಿಮ್ಮ ಸಾಕ್ಷ್ಯ ಹೋದಂತೆ.

ಪ್ರಶ್ನೆ: ಆಸ್ಪತ್ರೆಯವರು ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ಕೊಡಲ್ಲ ಅಂದರೆ?

ಉತ್ತರ (ವಕೀಲರು): ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ವೈದ್ಯಕೀಯ ಮಂಡಳಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಆದರೆ ಒಳರೋಗಿ ದಾಖಲೆ ಇಟ್ಟುಕೊಳ್ಳುವ ಕಡ್ಡಾಯ ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಅಷ್ಟೇ. ನೋವು ಬರಲಿ ಅಂತ ಕಾಯಬೇಡಿ, ಮೇಡಂ, ಈಗಲೇ ಅರ್ಜಿ ಹಾಕಿ.