ಪದಚರ್ಚೆ: ವಂಶದ ಬೇಲಿ ಹಾರಿದ ‘ವಂಶವಾಹಿ’ಗೆ ಏನೆನ್ನಬೇಕು?

ಮಾನ್ಯರೇ,

ವಿಜ್ಞಾನ ಪ್ರದರ್ಶನವೊಂದರ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿದೆ. ಸುಶಿ ಸುತ್ತಲು ಬಳಸುವ ನೋರಿ ಎಂಬ ಕಡಲಪಾಚಿಯಲ್ಲಿರುವ ಪಾರ್ಫೈರಾನ್ ಎಂಬ ಶರ್ಕರವನ್ನು ಒಡೆಯುವ ಕಿಣ್ವದ ಜೀನು (ವಂಶವಾಹಿ) ಕಡಲಿನ ಬ್ಯಾಕ್ಟೀರಿಯಾಗಳಿಂದ ಬಂದು, ಜಪಾನೀಯರ ಕರುಳಿನ ಬ್ಯಾಕ್ಟಿರಾಯ್ಡಿಸ್ ಪ್ಲೆಬಿಯಸ್ ಎಂಬ ಬ್ಯಾಕ್ಟೀರಿಯಾದಲ್ಲಿ ನೆಲೆಸಿದೆಯೆಂದು 2010ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕದವರ ಕರುಳಿನ ದತ್ತಾಂಶದಲ್ಲಿ ಅದು ಕಾಣಲಿಲ್ಲ. ತಾಯಿಕೋಶದಿಂದ ಇಳಿದು ಬಾರದ ಈ ಬಗೆಯ ಬರುವಿಕೆಯನ್ನು (ಇಂಗ್ಲಿಷಿನಲ್ಲಿ ‘ಹಾರಿಜಾಂಟಲ್ ಜೀನ್ ಟ್ರಾನ್ಸ್‌ಫರ್’) ‘ಸಮತಲ ವಂಶವಾಹಿ ವರ್ಗಾವಣೆ’ ಎಂದು ಬರೆದಿದ್ದೇನೆ. ಮಕ್ಕಳು ಚಪ್ಪಟೆ ನೆಲವನ್ನು ನೆನೆದಾರೆಂಬ ಅಳುಕಿದೆ. ‘ಎರವಲು’ ಎನ್ನಬಹುದೇ?

ಉತ್ತರ 1

ಸಲ್ಲದು. ಎರವು ತಂದ ಒನಕೆಯನ್ನು ಹಿಂದಿರುಗಿಸುತ್ತಾರೆ. ಬ್ಯಾಕ್ಟೀರಿಯಾ ಏನನ್ನು ಹಿಂದಿರುಗಿಸುತ್ತದೆ? ‘ಸಮತಲ’ ಮೇಲ್ಮೈಯ ಹೆಸರೇ ಹೊರತು ದಿಕ್ಕಿನದಲ್ಲ. ಆದರೆ ನಿಜವಾದ ತೊಡಕು ‘ವಂಶವಾಹಿ’ಯಲ್ಲಿದೆ. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರೂ ಹೌದು. ಗೆಣ್ಣಿನ ಮೇಲೆ ಗೆಣ್ಣಾಗಿ ಏರುವ ಅದರ ಚಿತ್ರವೇ ಸಂತತಿಯ ಅರ್ಥದಲ್ಲೂ ಇರುವಾಗ, ವಂಶವನ್ನು ಹೊರಬೇಕಾದದ್ದು ವಂಶದ ಬೇಲಿಯನ್ನೇ ಹಾರಿತೆನ್ನುವುದು ಪದಕ್ಕೆ ಮಾಡುವ ಅಪಚಾರ. ಜೀನಿಗೆ ‘ಪೀಳಿ’ ಎನ್ನುವ ಅಚ್ಚಗನ್ನಡದ ಗೆಳೆಯರಿಗೂ ಬಿಡುಗಡೆಯಿಲ್ಲ, ಅದರ ಬೆನ್ನಿಗೆ ಪೀಳಿಗೆ ಅಂಟಿಕೊಂಡಿದೆ. ಯಾರಾದರೂ ‘ಅಡ್ಡವಂಶವಾಹಿ’ ಎನ್ನುವ ಮುನ್ನ, ಕನ್ನಡ-ಸಂಸ್ಕೃತ ಪದಗಳನ್ನು ಬೆಸೆಯುವ ಅರಿಸಮಾಸವನ್ನು ನೆನೆಯಲಿ.

ಉತ್ತರ 2

ಅರಿಸಮಾಸಕ್ಕೆ ಹೆದರಿದ್ದರೆ ‘ಮಳೆಗಾಲ’ವೇ ಬರುತ್ತಿರಲಿಲ್ಲ. ಹಿಂದಿರುಗಿಸುವ ವಾದವೂ ನಿಲ್ಲದು: ‘ಎರವಲು ಪದ’ವೆಂದು ನಾವೇ ಕರೆಯುವ ಕುರ್ಚಿಯನ್ನು ಯಾರಿಗೆ ಹಿಂದಿರುಗಿಸಿದ್ದೇವೆ? ‘ಎರವಲು’ ಸೋಲುವುದು ಬೇರೆಡೆ. ಎರವು ಕೊಟ್ಟವರ ಮನೆಯಲ್ಲಿ ಅಷ್ಟು ದಿನ ಒನಕೆ ಇರುವುದಿಲ್ಲ. ಆಮಶಂಕೆ ತರುವ ಶಿಗೆಲ್ಲಾ ಮತ್ತು ಇ. ಕೊಲೈ ಎಂಬ ಬ್ಯಾಕ್ಟೀರಿಯಾಗಳ ನಡುವೆ ಹಲವು ಔಷಧಗಳಿಗೆ ಒಮ್ಮೆಗೇ ಜಗ್ಗದಿರುವ ಗುಣ ದಾಟುತ್ತದೆಂದು 1959ರಲ್ಲಿ ಜಪಾನಿನವರೇ ತೋರಿಸಿದಾಗ, ಕೋಶಗಳ ಸಂಪರ್ಕದಿಂದ ದಾಟುವ, ಆ ಗುಣದ ಜೀನುಗಳನ್ನು ಹೊತ್ತ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕಿನ ಒಂದು ಪ್ರತಿ ಕೊಟ್ಟ ಕೋಶದಲ್ಲೂ ಉಳಿಯುತ್ತಿತ್ತು. ಆದ್ದರಿಂದ ‘ಜೀನು ದಾಟುವಿಕೆ’ ಎನ್ನಿ. ಕುದುರೆಯ ಜೀನೆಂದು ಯಾರೂ ತಪ್ಪು ತಿಳಿಯರು, ಅದೂ ಪಾರಸಿಯಿಂದ ದಾಟಿ ಬಂದದ್ದೇ.

ಉತ್ತರ 3

‘ದಾಟುವಿಕೆ’ಯಲ್ಲಿ ದಾಟಿದ್ದು ಆಚೆ ಹೋಗಿಬಿಡುತ್ತದೆ, ಪ್ರತಿ ಉಳಿಯುವುದು ಅಲ್ಲೂ ಕಾಣದು. ಒಪ್ಪಲಾರೆ.

ಕೇಳಿದವರಿಂದ

ಮುದ್ರಕರು ಕಾಯುತ್ತಿದ್ದಾರೆ. ಶೀರ್ಷಿಕೆಯಲ್ಲಿ ‘ಜೀನು ದಾಟುವಿಕೆ’ ಎಂದಿರಿಸಿ, ಕೆಳಗೆ ‘ಇದು ತಾಯಿಕೋಶದಿಂದ ಬಂದ ಜೀನಲ್ಲ, ಬೇರೊಂದು ಬ್ಯಾಕ್ಟೀರಿಯಾದಿಂದ ಬಂದದ್ದು’ ಎಂದು ಸೇರಿಸಿದ್ದೇನೆ. ಬಿದಿರಿನ ಚರ್ಚೆಯನ್ನು ತಾವು ಮುಂದುವರಿಸಬಹುದು.