ಅಪ್‌ಡೇಟ್: ರಾತ್ರಿ ಬ್ಯಾಟರಿ ಇಳಿಯುತ್ತಿದ್ದ ಹಳೇ ಕಾರು, ಕಾರಣ ಸಿಕ್ಕಿತು

ಬೆಳಗಾಗುವಷ್ಟರಲ್ಲಿ ನನ್ನ ಹಳೇ ಕಾರಿನ ಬ್ಯಾಟರಿ ಖಾಲಿ ಆಗುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ತೊಂದರೆ ಇದ್ದದ್ದು ಆಲ್ಟರ್ನೇಟರ್‌ನಲ್ಲಿ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ)!

ಕೆಲವರು ಹೇಳಿದಂತೆ ಹೊಸ ಬ್ಯಾಟರಿ ಹಾಕಿದೆ. ಅದೂ ಮಾರನೇ ದಿನ ಇಳಿದುಹೋಯಿತು. ಆಮೇಲೆ ನೆಗೆಟಿವ್ ವೈರ್ ಬಿಚ್ಚಿ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಇಟ್ಟೆ. ಎಲ್ಲ ಆಫ್ ಇದ್ದರೂ 3 ಆಂಪಿಯರ್! 0.05ರ ಒಳಗೆ ಇರಬೇಕು ಅಲ್ವಾ? ಫ್ಯೂಸ್ ಒಂದೊಂದೇ ಕಿತ್ತು ನೋಡಿದೆ, ಅಂಕಿ ಕದಲಲಿಲ್ಲ.

‘ಬೆಳಿಗ್ಗೆ ಸುಮ್ನೆ ಆಲ್ಟರ್ನೇಟರ್ ಮುಟ್ಟಿ ನೋಡಿ’ ಅಂದವರಿಗೆ ತುಂಬಾ ಥ್ಯಾಂಕ್ಸ್. ಎಂಜಿನ್ ತಣ್ಣಗಿತ್ತು, ಅದೊಂದೇ ಬೆಚ್ಚಗಿತ್ತು. ಬ್ಯಾಟರಿ ಕಳಚಿಟ್ಟು, ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ, ಬ್ಯಾಟರಿ ಮೀಟರ್ ಮೂಲಕ ಜೋಡಿಸಿ ಮತ್ತೆ ಅಳೆದೆ: 0.03. ಆಲ್ಟರ್ನೇಟರ್ ಒಳಗಿನ ಡಯೋಡ್ (ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಭಾಗ) ಹೋಗಿತ್ತು. ನನ್ನ ಕಾರಲ್ಲಿ ಆ ವೈರ್ ಫ್ಯೂಸ್ ಬಾಕ್ಸ್ ಕಡೆ ಹೋಗುವುದೇ ಇಲ್ಲ, ಅದಕ್ಕೇ ಫ್ಯೂಸ್ ಕಿತ್ತರೂ ಅಂಕಿ ಕದಲಿರಲಿಲ್ಲ. ಚಾರ್ಜಿಂಗ್ 14 ವೋಲ್ಟ್ ಸರಿಯಾಗೇ ತೋರಿಸುತ್ತಿತ್ತು, ಅದಕ್ಕೇ ಅನುಮಾನ ಬಂದಿರಲಿಲ್ಲ.

ಡಯೋಡ್ ಬದಲಿಸಿ ಐದು ದಿನ ಆಯಿತು. ಒಂದೇ ಸೆಲ್ಫ್‌ಗೆ ಸ್ಟಾರ್ಟ್.