ಮಲೆನಾಡಲ್ಲಿ ನಮ್ಮ ಮೊದಲ ಮಳೆಗಾಲ, ಕೈಯಲ್ಲಿ ಏಳು ಸಾವಿರ: ಯಾವುದಕ್ಕೆ ಮೊದಲು ಖರ್ಚು ಮಾಡಲಿ?

ಶೈಲಾ_ಜಗಳೂರು

ಎಲ್ಲರಿಗೂ ನಮಸ್ಕಾರ. ನಾವು ಜಗಳೂರು ಕಡೆಯವರು. ನಮ್ಮ ಯಜಮಾನ್ರು ಅಡಿಕೆ ಮಂಡಿಯೊಂದರಲ್ಲಿ ಪಿಕಪ್ ಓಡಿಸ್ತಾರೆ, ಹಾಗಾಗಿ ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿ ತಾಲೂಕಿಗೆ ಬಂದ್ವಿ. ಪೇಟೆಯಿಂದ ಒಳಗೆ, ತೋಟದ ಅಂಚಿಗೆ ಒಂದು ಹಳೇ ಹಂಚಿನ ಮನೆ ಬಾಡಿಗೆಗೆ ಸಿಕ್ಕಿದೆ. ಮಣ್ಣಿನ ಗೋಡೆ, ಮುಂದೆ ಜಗಲಿ, ಹಿಂದೆ ಬಚ್ಚಲು, ಪಕ್ಕದಲ್ಲಿ ಖಾಲಿ ಕೊಟ್ಟಿಗೆ. ಮನೇಲಿ ಅತ್ತೆ ಇದಾರೆ, ಅವರಿಗೆ ಉಬ್ಬಸ. ಮಗಳು ಜೂನಿಗೆ ಎರಡನೇ ಕ್ಲಾಸು. ನಾನು ಮನೇಲೇ ಬ್ಲೌಸ್ ಹೊಲೀತೀನಿ.

ನಮ್ಮೂರಲ್ಲಿ ಮಳೆ ಬರಲಪ್ಪಾ ಅಂತ ದೇವರಿಗೆ ಹರಕೆ ಹೊರ್ತಾರೆ. ಇಲ್ಲಿ ಯುಗಾದಿ ಮುಗಿದಾಗಿಂದ ಯಾರ ಬಾಯಲ್ಲಿ ಕೇಳಿದ್ರೂ ಮಳೆಗಾಲಕ್ಕೆ ಏನು ಮಾಡ್ಕೊಂಡಿದೀರಿ ಅಂತಾನೇ ಮಾತು. ಒಬ್ಬರು ಇನ್ವರ್ಟರ್ ಹಾಕ್ಸಿ ಅಂತಾರೆ, ಇನ್ನೊಬ್ಬರು ಎರಡನೇ ಸಿಲಿಂಡರ್ ತಗೊಳ್ಳಿ ಅಂತಾರೆ, ಮಾಡಿಗೆಲ್ಲ, ಅಂದ್ರೆ ಹಂಚಿನ ಸೂರಿಗೆಲ್ಲ, ಟಾರ್ಪಾಲು ಹೊದಿಸಿಬಿಡಿ ಅಂದೋರೂ ಇದಾರೆ. ಚೀಟಿ ದುಡ್ಡು ಏಳು ಸಾವಿರ ಕೈಗೆ ಬಂದಿದೆ. ಅದರ ಮೇಲೆ ಒಂದು ರೂಪಾಯಿ ಹುಟ್ಟೋ ದಾರಿ ಇಲ್ಲ. ಈಗ ಏಪ್ರಿಲ್ ಮೂರನೇ ವಾರ. ತಿಳಿದೋರು ದಯವಿಟ್ಟು ಹೇಳಿ, ಯಾವುದು ಮೊದಲು, ಯಾವುದು ಬಿಟ್ರೂ ನಡೆಯುತ್ತೆ?

ಜಾನಕಿ_ಹೊಸನಗರ

ತಂಗಿ ಶೈಲಾ, ಸರಿಯಾದ ಹೊತ್ತಿಗೇ ಕೇಳಿದ್ದೀಯ. ಮೇ ಕೊನೆಗೆ ಕೇಳಿದ್ದರೆ ನನ್ನ ಹತ್ತಿರ ಹೇಳೋದಕ್ಕೆ ಹೆಚ್ಚೇನೂ ಇರ್ತಿರಲಿಲ್ಲ.

ನಾನು ಹುಟ್ಟಿದ್ದು, ಮದುವೆಯಾಗಿ ಬಂದದ್ದು, ಮೊಮ್ಮಕ್ಕಳನ್ನು ನೋಡಿದ್ದು ಎಲ್ಲ ಹಂಚಿನ ಮನೇಲೇ. ನಾಲ್ಕು ಗೋಡೆಯೊಳಗೆ ಮಳೆಗಾಲ ಕಳೆಯೋದು ಹೇಗೆ ಅಂತ ನನಗೆ ಗೊತ್ತು. ಮೊದಲನೇ ಮಾತು: ಮಳೆಗಾಲದಲ್ಲಿ ಅಂಗಡೀಲಿ ಅಕ್ಕಿ ಸಿಗುತ್ತೆ, ಬೇಳೆ ಸಿಗುತ್ತೆ, ಮೇಣದಬತ್ತೀನೂ ಸಿಗುತ್ತೆ. ದುಡ್ಡು ಕೊಟ್ಟರೂ ಸಿಗದೇ ಇರೋದು ಒಣಗಿದ ಸಾಮಾನು. ಒಣ ಸೌದೆ, ಒಣ ಹಾಸಿಗೆ, ಒಣ ಗೋಡೆ. ಇವನ್ನೆಲ್ಲ ಮಾಡಿಕೊಡೋ ಬಿಸಿಲು ಈಗ ಪುಕ್ಕಟೆ ಸುರೀತಾ ಇದೆ. ಆದ್ದರಿಂದ ದುಡ್ಡನ್ನು ಮಾಡಿಗೂ ಸೌದೆಗೂ ಇಡು. ಉಳಿದದ್ದಕ್ಕೆ ಮೈಮುರಿದು ದುಡಿದರೆ ಸಾಕು. ಇನ್ವರ್ಟರ್ ಬಿಟ್ಟುಬಿಡು. ಕರೆಂಟು ಹೋದರೆ ಒಮ್ಮೊಮ್ಮೆ ಮೂರು ನಾಲ್ಕು ದಿನ ಬರೋದಿಲ್ಲ, ಅಷ್ಟು ದಿನ ಯಾವ ಬ್ಯಾಟರಿಯೂ ಎಳೆಯೋದಿಲ್ಲ. ಒಂದು ಒಳ್ಳೆ ಟಾರ್ಚು, ಒಂದು ಚಾರ್ಜಿಂಗ್ ದೀಪ ಇದ್ದರೆ ನಡೆಯುತ್ತೆ. ಕರೆಂಟಿಲ್ಲದೆ ಮಿಕ್ಸಿ ಓಡೋದಿಲ್ಲ, ಚಟ್ನಿಗೆ, ಮಸಾಲೆಗೆ ಮನೇಲಿ ಒರಳುಕಲ್ಲು ಇದೆಯಾ ನೋಡಿಕೋ.

ಸೌದೆ ವಿಷಯ. ಅತ್ತೆಗೆ ಉಬ್ಬಸ ಅಂದಿದ್ದೀಯ, ಹಾಗಾಗಿ ಅಡುಗೆ ಗ್ಯಾಸಿನಲ್ಲೇ ಆಗಲಿ. ಸೌದೆ ಬಚ್ಚಲ ಒಲೆಗೆ. ಬಚ್ಚಲ ಒಲೆ ಬರೀ ಹಂಡೆ ನೀರು ಕಾಯಿಸೋದಕ್ಕೆ ಅಂದುಕೋಬೇಡ. ಮಳೆಗಾಲದಲ್ಲಿ ಬಟ್ಟೆ ಒಣಗೋದು, ಚಪ್ಪಲಿ ಒಣಗೋದು, ಛತ್ರಿ ಒಣಗೋದು ಎಲ್ಲ ಅಲ್ಲೇ. ಒಲೆಗಿಂತ ಆಳೆತ್ತರ ಮೇಲೆ ಗಳು ಕಟ್ಟಿಸು, ಮಗಳ ಯೂನಿಫಾರ್ಮು ಅದರ ಮೇಲೆ ಹರವು. ರಾತ್ರಿ ಬೆಂಕಿ ಬಿಟ್ಟು ಮಲಗೋವಾಗ ಬಟ್ಟೆ ತೆಗೆದುಬಿಡು.

ಸೌದೆ ಎಲ್ಲ ಕೊಳ್ಳಬೇಕಿಲ್ಲ. ಅಡಿಕೆ ಸುಲಿದ ಸಿಪ್ಪೆ ತೋಟದವರ ಮನೆ ಹಿಂದೆ ರಾಶಿ ಬಿದ್ದಿರುತ್ತೆ, ಕೇಳಿದರೆ ಬೇಡ ಅನ್ನೋದಿಲ್ಲ. ನಿನ್ನ ಗಂಡ ಗಾಡಿಯವರು, ಧಣಿಗಳನ್ನು ಕೇಳಿ ಖಾಲಿ ಬರೋವಾಗ ಎರಡು ಲೋಡು ತಂದು ಹಾಕಲಿ. ಸಿಪ್ಪೆ ಧಗ್ ಅಂತ ಉರಿಯೋದಿಲ್ಲ, ನಿಧಾನಕ್ಕೆ ಕೆಂಡವಾಗಿ ಕೂರುತ್ತೆ, ಬಚ್ಚಲಿಗೆ ಅದೇ ಬೇಕು. ಬೆಂಕಿ ಹಚ್ಚೋದಕ್ಕೆ ಅಡಿಕೆ ಹಾಳೆ, ತೆಂಗಿನ ಕರಟ ಕೂಡಿಹಾಕು. ಗಟ್ಟಿ ಸೌದೆ ಮಾತ್ರ ಕೊಂಡುಕೋ, ಈಗಲೇ ಸೀಳಿಸಿ ಅಂಗಳದಲ್ಲಿ ಬಿಸಿಲಿಗೆ ಹರವು. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ದಬ್ ಅಂದರೆ ಇನ್ನೂ ಹಸಿ. ರೋಹಿಣಿ ಮಳೆ ಶುರುವಾಗೋ ಮೊದಲೇ, ಅಂದರೆ ಮೇ ಇಪ್ಪತ್ತರ ಒಳಗೆ, ಕೊಟ್ಟಿಗೆಗೆ ಸೇರಿಸಿಬಿಡು. ನೆಲಕ್ಕೆ ತಾಗಿಸಿ ಒಟ್ಟಬೇಡ, ಕೆಳಗೆ ಕಲ್ಲಿಟ್ಟು ಅದರ ಮೇಲೆ ಒಟ್ಟು. ಗೋಡೆಗೂ ಒರಗಿಸಬೇಡ, ಗೆದ್ದಲು ಹಿಡಿಯುತ್ತೆ.

ಜಗಲಿಗೆ ತಟ್ಟಿ ಕಟ್ಟಲೇಬೇಕು. ಇಲ್ಲಿನ ಮಳೆ ನೇರ ಬೀಳೋದಿಲ್ಲ, ಪಡುವಣದಿಂದ ಗಾಳಿ ಜೊತೆ ಓರೆಯಾಗಿ ಎರಚಲು ಹೊಡೆಯುತ್ತೆ. ಮಣ್ಣಿನ ಗೋಡೆ ಆಷಾಢ ಮುಗಿಯೋದರೊಳಗೆ ನೀರು ಕುಡಿದು ಕೂತುಬಿಡುತ್ತೆ. ನಾವು ಅಡಿಕೆ ಸೋಗೆ ಹೆಣೆದು ಕಟ್ಟುತ್ತಿದ್ದೆವು. ನಿನ್ನ ಹತ್ತಿರ ಹೊಲಿಗೆ ಮಿಷನ್ ಇದೆ. ಖಾಲಿ ಗೊಬ್ಬರದ ಚೀಲ ಬಿಚ್ಚಿ, ಚೆನ್ನಾಗಿ ತೊಳೆದು, ದಪ್ಪ ಸೂಜಿ ಹಾಕಿ ಒಂದಕ್ಕೊಂದು ಹೊಲಿದರೆ ಪರದೆ ಆಗುತ್ತೆ. ಅಡಿಕೆ ದಬ್ಬೆಗೆ ಸುತ್ತಿ ಕಟ್ಟಿದರೆ ಬಿಸಿಲು ಬಂದಾಗ ಮೇಲಕ್ಕೆ ಸುರುಳಿ ಸುತ್ತಬಹುದು. ಪಶ್ಚಿಮದ ಗೋಡೆಗೂ ಇದನ್ನೇ ಕಟ್ಟು, ಆದರೆ ಗೋಡೆಗೆ ಅಂಟಿಸಿ ಮೊಳೆ ಹೊಡೀಬೇಡ. ಒಂದು ಗೇಣು ಬಿಟ್ಟು ಕಟ್ಟು, ಒಳಗೆ ಗಾಳಿ ಆಡಲಿ. ಅತ್ತೆಯ ಮಂಚ ಆ ಗೋಡೆ ಹತ್ತಿರ ಇದ್ದರೆ ಈಗಲೇ ಒಳಗೋಡೆಗೆ ಸರಿಸು. ಬೂಷ್ಟು ಹಿಡಿದ ಗೋಡೆ ಉಬ್ಬಸದವರಿಗೆ ಆಗೋದೇ ಇಲ್ಲ. ಅಂಥ ಪರದೆ ಹೊಲಿದು ಕೊಡ್ತೀನಿ ಅಂತ ಅಕ್ಕಪಕ್ಕದಲ್ಲಿ ಹೇಳಿ ನೋಡು, ಕೆಲಸಕ್ಕೆ ಕೂಲಿ ಕೊಟ್ಟು ಮಾಡಿಸಿಕೊಳ್ಳೋ ಜನ ಇದಾರೆ. ನಿನ್ನ ಏಳು ಸಾವಿರಕ್ಕೆ ಅಷ್ಟು ಕೂಡಿಬರಲಿ.

ಇನ್ನು ಅಡುಗೆಮನೆ. ಜುಲೈನಲ್ಲಿ ತರಕಾರಿ ತುಟ್ಟಿ, ಸಂತೆಗೆ ಹೋಗೋದೂ ಕಷ್ಟ. ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ಮೇನಲ್ಲಿ ಅಗ್ಗ. ಪೆಟ್ಟು ಬೀಳದ ಕಾಯಿ ಆರಿಸಿ, ಬಾಳೆನಾರಲ್ಲಿ ಒಂದೊಂದಾಗಿ ಕಟ್ಟಿ, ಅಡುಗೆಮನೆ ಜಂತಿಗೆ ತೂಗುಹಾಕು. ಒಂದಕ್ಕೊಂದು ತಾಗಬಾರದು. ಕೆಲವು ಶ್ರಾವಣದವರೆಗೂ ಇರುತ್ತೆ. ಸಿಹಿಗುಂಬಳ, ಬೂದುಗುಂಬಳಾನೂ ಹಾಗೇ. ಹಲಸಿನಕಾಯಿ ಯಾರ ಹಿತ್ತಲಲ್ಲಾದರೂ ಇರುತ್ತೆ, ಕೇಳಿ ತಂದು ತೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿಡು. ಬೀಜ ಎಸೀಬೇಡ. ತೊಳೆದು, ನೆರಳಲ್ಲಿ ನೀರು ಆರಿಸಿ, ಕೆಮ್ಮಣ್ಣನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಅದರಲ್ಲಿ ಉರುಳಿಸಬೇಕು. ಮಣ್ಣು ಒಣಗಿ ಬಿಗಿಯಾಗಿ ಹಿಡಿದುಕೊಂಡಮೇಲೆ ಬುಟ್ಟೀಲಿ ತುಂಬಿ ಒಲೆ ಹತ್ತಿರ ಇಟ್ಟರೆ ಮೊಳಕೆ ಬರೋದಿಲ್ಲ, ಹುಳ ಮುಟ್ಟೋದಿಲ್ಲ. ಹೊಯ್ಯೋ ಮಳೇಲಿ ಮಣ್ಣು ತೊಳೆದು ಬೇಯಿಸಿ ಸಾರು ಮಾಡಿದರೆ ತರಕಾರಿ ಯಾಕೆ ಬೇಕು?

ಊರಿಂದ ಜೋಳ ತರೋದಾದರೆ ಕಾಳನ್ನೇ ತಾ. ವಾರಕ್ಕೆ ಬೇಕಾದಷ್ಟೇ ಬೀಸಿಸು, ಹಿಟ್ಟು ಇಟ್ಟರೆ ಮುಗ್ಗಲು ವಾಸನೆ ಬರುತ್ತೆ. ಶೇಂಗಾ ಮಾತ್ರ ಹೆಚ್ಚು ತರಬೇಡ. ಈ ಥಂಡಿಗೆ ಬೂಷ್ಟು ಬರುತ್ತೆ, ಬೂಷ್ಟು ಬಂದ ಶೇಂಗಾ ವಿಷ, ತೊಳೆದರೂ ಹುರಿದರೂ ಹೋಗೋದಿಲ್ಲ. ಮೆಣಸಿನಕಾಯಿ ಮುರಿದರೆ ಪಟ್ ಅನ್ನೋವರೆಗೆ ಒಣಗಿಸಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕು.

ಮಾಡುಕೆಲಸ_ಸುರೇಶ

ಜಾನಕಕ್ಕ ಹೇಳಿದ್ದಕ್ಕೆ ಮಾಡಿನ ವಿಷಯ ಸೇರಿಸ್ತೀನಿ, ಹಂಚು ಕೈಯಾಡಿಸೋದು ನಮ್ಮ ಮನೆತನದ ಕೆಲಸ.

ಅಕ್ಕಾ, ಟಾರ್ಪಾಲು ಹಂಚಿನ ಮೇಲೆ ಹೊದಿಸಬೇಡಿ. ಮೊದಲ ಗಾಳಿಗೇ ಹರಿದು ಹೋಗುತ್ತೆ, ಎಳೆದುಕೊಂಡು ಹೋಗೋವಾಗ ಹಂಚನ್ನೂ ಸರಿಸುತ್ತೆ. ದುಡ್ಡು ದಂಡ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಬಾಗಿಲು ಕಿಟಕಿ ಹಾಕಿ ಒಳಗೆ ನಿಂತು ಮೇಲೆ ನೋಡಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತೋ ಅಲ್ಲೆಲ್ಲ ನೀರು ಬರುತ್ತೆ. ಅದರ ನೇರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಲಸದವರು ಬಂದಾಗ ಹುಡುಕೋ ಹೊತ್ತು ಉಳಿಯುತ್ತೆ, ಕೂಲಿಯೂ ಉಳಿಯುತ್ತೆ. ಹಾಗೇ ಹಂಚು ಹೊರೋ ಮರದ ರೀಪು, ಪಕಾಸು ಗೆದ್ದಲು ತಿಂದಿದೆಯಾ ಅಂತ ಚಾಕು ಚುಚ್ಚಿ ನೋಡೋದಕ್ಕೆ ಹೇಳಿ.

ಹೊಸ ಹಂಚು ಕೊಳ್ಳಬೇಡಿ. ಒಂದು ಒಡೆದ ಹಂಚು ತೆಗೆದು ಹಿಂದೆ ತಿರುಗಿಸಿ, ಕಾರ್ಖಾನೆ ಹೆಸರು ಅಚ್ಚಾಗಿರುತ್ತೆ. ಅದೇ ಹೆಸರಿನ ಹಳೇ ಹಂಚನ್ನೇ ಹುಡುಕಿ. ಬೇರೆ ಕಾರ್ಖಾನೆಯದು ನೋಡೋಕೆ ಒಂದೇ ಥರ ಕಂಡರೂ ಅಂಚಿನ ಕಚ್ಚು ಕೂರೋದಿಲ್ಲ, ಸಂದಿಯಲ್ಲಿ ನೀರು ಒಳಗೆ ಬರುತ್ತೆ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋರು ಹಂಚು ಅಗ್ಗಕ್ಕೆ ಕೊಡ್ತಾರೆ. ಯಾವುದೂ ಸಿಗದಿದ್ದರೆ ಕೊಟ್ಟಿಗೆಯ ಒಂದು ಮೂಲೆಯಿಂದ ಗಟ್ಟಿ ಹಂಚು ಇಳಿಸಿ ಮನೆಗೆ ಹಾಕಿ, ಕೊಟ್ಟಿಗೆ ಮೂಲೆಗೆ ತಗಡು ಹಾಕಿ.

ಎರಡು ಮಾಡು ಕೂಡೋ ಮೂಲೇಲಿ ಒಳಗಿರೋ ತಗಡು ತುಕ್ಕು ಹಿಡಿದಿದ್ದರೆ ಅದನ್ನು ಮಾತ್ರ ಖಂಡಿತ ಬದಲಾಯಿಸಿ. ಜೋರು ಮಳೇಲಿ ಅರ್ಧ ಮಾಡಿನ ನೀರು ಅಲ್ಲೇ ಇಳಿಯೋದು. ಹಂಚಿನ ಮೇಲಿನ ಎಲೆ, ಪಾಚಿ ಗುಡಿಸಿಸಿ. ಮಂಗ ಬಂದು ಹೋದ ಮೇಲೆ ಒಳಗೆ ನಿಂತು ಮತ್ತೆ ಬೆಳಕಿನ ಚುಕ್ಕೆ ನೋಡೋದನ್ನು ಮರೀಬೇಡಿ. ಮತ್ತೆ, ನಿಮ್ಮ ಯಜಮಾನ್ರು ತಾವೇ ಹತ್ತೋದು ಬೇಡ. ಅಭ್ಯಾಸ ಇಲ್ಲದ ಕಾಲು ರೀಪು ಬಿಟ್ಟು ಹಂಚಿನ ನಡುವೆ ಬೀಳುತ್ತೆ.

ಆಶಾ_ಸಾಗರ

ನಾನು ಆಶಾ ಕಾರ್ಯಕರ್ತೆ, ಇದನ್ನು ಹೇಳದೇ ಇರೋಕೆ ಆಗಲ್ಲ. ಸೌದೆಗೆ, ದರಗಿಗೆ (ಒಣ ಎಲೆಗೆ) ಈಗ ಕಾಡಿಗೆ ಹೋಗೋರಿದ್ದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗನ ಕಾಯಿಲೆಯ ಕಾಲ ಇನ್ನೂ ಮುಗಿದಿಲ್ಲ, ಅದು ಡಿಸೆಂಬರಿಂದ ಮೇವರೆಗೆ ಇರುತ್ತೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುತ್ತೆ. ಮಲೆನಾಡಿಗೆ ಹೊಸಬರಾದವರಿಗೆ ಇದರ ಅರಿವೇ ಇರೋದಿಲ್ಲ. ಉಣುಗು ಹತ್ತಿರ ಬಾರದ ಹಾಗೆ ಹಚ್ಚೋ ಡೇಪಾ ಎಣ್ಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಂಡು, ತುಂಬುತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೆ. ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡರೆ ಅಲ್ಲಿಗೆ ಹೋಗಬೇಡಿ, ನಮಗೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ವಿಪರೀತ ತಲೆನೋವು ಬಂದರೆ ಮನೇಲಿ ಮಾತ್ರೆ ನುಂಗಿ ಕಾಯಬೇಡಿ.

ಮಳೆ ಹಿಡಿದ ಮೇಲೆ ಬಾವಿ ನೀರು ಕೆಂಪಾಗುತ್ತೆ, ಕುಡಿಯೋ ನೀರು ಕುದಿಸಲೇಬೇಕು. ಬಚ್ಚಲ ಒಲೆ ಉರೀತಾ ಇರೋವಾಗಲೇ ಅದರ ಮೇಲೆ ಮುಚ್ಚಿದ ಪಾತ್ರೇಲಿ ಕುದಿಸಿಕೊಂಡರೆ ಗ್ಯಾಸು ಖರ್ಚಾಗಲ್ಲ. ಅತ್ತೆಯವರ ಇನ್ಹೇಲರ್ ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ, ಜನೌಷಧಿ ಅಂಗಡೀಲಿ ಕಡಿಮೆಗೆ ಸಿಗುತ್ತೆ. ರಸ್ತೆ ಮೇಲೆ ಮರ ಬಿದ್ದ ದಿನ ಔಷಧಿಗೆ ಪೇಟೆಗೆ ಹೋಗೋಕೆ ಆಗಲ್ಲ.

ಶೈಲಾ_ಜಗಳೂರು

ನಿಮಗೆಲ್ಲ ಎಷ್ಟು ಕೈಮುಗಿದರೂ ಸಾಲದು. ಸುರೇಶಣ್ಣ, ಇವತ್ತೇ ಬಾಗಿಲು ಹಾಕಿ ನೋಡಿದೆ. ನಡುಮನೇಲಿ ಅಷ್ಟೇನಿಲ್ಲ, ಅಡುಗೆಮನೆ ಮೇಲೆ ನಕ್ಷತ್ರದ ಥರ ಚುಕ್ಕೆಗಳು. ಗುರುತು ಹಾಕಿದೀನಿ. ಚೀಲದ ಪರದೆ ಒಂದು ಹೊಲಿದೂ ಆಯ್ತು.

ಎರಡು ಮಾತು ಕೇಳಬೇಕಿತ್ತು. ಮನೆ ನಮ್ಮದಲ್ಲ, ಹಂಚಿನ ಖರ್ಚು ನಾವೇ ಹಾಕಬೇಕಾ? ಇನ್ನೊಂದು, ಬಚ್ಚಲ ಹಿಂದೆ ಗುಡ್ಡ ಕಡಿದ ಧರೆ ಇದೆ, ಎರಡಾಳು ಎತ್ತರ. ಅದರಲ್ಲಿ ಸಣ್ಣ ಬಿರುಕು ಕಾಣುತ್ತೆ. ಭಯಪಡಬೇಕಾ? ಎರಡನೇ ಸಿಲಿಂಡರ್ ಬಗ್ಗೆನೂ ಒಂದು ಮಾತು ಹೇಳಿ.

ಜಾನಕಿ_ಹೊಸನಗರ

ತಂಗಿ, ಧರೆ ಮಾತು ಮೊದಲೇ ಹೇಳಬೇಕಿತ್ತಲ್ಲ. ಮಿಕ್ಕಿದ್ದೆಲ್ಲ ಆಮೇಲೆ, ಈ ವಾರ ಇದನ್ನು ನೋಡು. 2019ರ ಆಗಸ್ಟಲ್ಲಿ ಮಲೆನಾಡು, ಕೊಡಗಿನಲ್ಲಿ ಎಷ್ಟು ಕಡೆ ಧರೆ ಕುಸೀತು ಅಂತ ಇಲ್ಲಿಯವರಿಗೆಲ್ಲ ನೆನಪಿದೆ. ಬಿರುಕು ಎಲ್ಲಿದೆ ನೋಡಿಸು. ಧರೆಯ ಮೈಮೇಲಿನ ಸಣ್ಣ ಬಿರುಕು ಬಿಸಿಲಿಗೆ ಬಂದದ್ದೂ ಇರಬಹುದು. ಮೇಲಿನ ನೆಲದಲ್ಲಿ, ಧರೆಗೆ ಸಮನಾಗಿ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಅದು ಕೆಟ್ಟದ್ದು. ಹಾಗಿದ್ದರೆ ಗ್ರಾಮ ಪಂಚಾಯಿತಿಗೆ ಬರೆದು ಕೊಡಿ, ಜೋರು ಮಳೆಯ ರಾತ್ರಿಗಳಲ್ಲಿ ಆ ಕಡೆ ಯಾರೂ ಮಲಗಬೇಡಿ, ಬಚ್ಚಲಿಗೂ ಕತ್ತಲಲ್ಲಿ ಹೋಗಬೇಡಿ. ಎಲ್ಲಿದ್ದರೂ ಸರಿ, ಬಿರುಕಿಗೆ ಜೇಡಿಮಣ್ಣು ತುಂಬಿಸಿ, ಧರೆಯ ಮೇಲೆ ಸ್ವಲ್ಪ ಹಿಂದಕ್ಕೆ ಒಂದು ಕಾಲುವೆ ತೆಗೆಸಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಧರೆಯ ಮೇಲಿನ ಹುಲ್ಲು ಕೆತ್ತಿಸಬೇಡ, ಅದರ ಬೇರು ಮಣ್ಣು ಹಿಡಿದಿರುತ್ತೆ.

ಖರ್ಚಿನ ಮಾತು: ಹಂಚು, ತಗಡು, ಕಾಲುವೆ ಇವು ಮನೆ ಮಾಲೀಕರ ಹೊಣೆ. ಆದರೆ ಕೊಡಿ ಅಂತ ಕೇಳಿದರೆ ನಾಳೆ ನಾಡಿದ್ದು ಅಂತ ಮೃಗಶಿರಾ ಮಳೆ ಬಂದುಬಿಡುತ್ತೆ. ನಾವೇ ಮಾಡಿಸ್ತೀವಿ, ಬಾಡಿಗೇಲಿ ಮುರಿದುಕೊಳ್ಳಿ ಅಂತ ಕೇಳು. ಅವರನ್ನೇ ಕರೆದು ನೆಲದ ಮೇಲಿನ ಸೀಮೆಸುಣ್ಣದ ಗುರುತು, ಧರೆಯ ಬಿರುಕು ಎರಡನ್ನೂ ಕಣ್ಣಾರೆ ತೋರಿಸು. ಒಪ್ಪಿಗೆ ಫೋನಿನಲ್ಲಿ ಮೆಸೇಜಾಗಿ ತಗೋ.

ಎರಡನೇ ಸಿಲಿಂಡರ್‌ಗೆ ಠೇವಣಿಯೇ ಎರಡು ಸಾವಿರ ದಾಟುತ್ತೆ, ಈ ವರ್ಷ ಬೇಡ. ಮೇ ಕೊನೆಗೆ ಒಂದು ತುಂಬಿದ ಸಿಲಿಂಡರ್ ಮನೇಲಿರೋ ಹಾಗೆ ಬುಕ್ ಮಾಡು, ಅನ್ನಕ್ಕೆ ಕುಕ್ಕರ್ ಇಡು, ಸ್ನಾನದ ನೀರಿಗೆ ಗ್ಯಾಸು ಮುಟ್ಟಬೇಡ. ಆ ಎರಡು ಸಾವಿರ ಧರೆಯ ಕಾಲುವೆ ಕೂಲಿಗಿರಲಿ. ಮನೆ ಮಾಲೀಕರು ಏನಂದರು ಅಂತ ಬರಿ. ಒಪ್ಪದಿದ್ದರೆ ಪಂಚಾಯಿತಿಗೆ ಅರ್ಜಿ ಹೇಗೆ ಬರೀಬೇಕು ಅಂತ ನಾನೇ ಹೇಳಿಕೊಡ್ತೀನಿ.